ಕಣ್ಣಿಗೆ ಸಮ, ತೂಕಕ್ಕೆ ಓರೆ

ಗೋಡೆಗೆ ತೂಗುಹಾಕಿದ ಫೋಟೋ ಅರ್ಧ ಬೆರಳು ಓರೆಯಾದರೂ ನನ್ನ ಕಣ್ಣಿಗೆ ಬೀಳುತ್ತದೆ. ಕಾವಲಿ ಒಲೆಯ ಮೇಲೆ ಸರಿಯಾಗಿ ಕೂರದೆ ಎಣ್ಣೆ ಒಂದು ಕಡೆಗೆ ಹರಿಯುವುದು, ಸೀರೆಯ ನೆರಿಗೆ ಎಡಕ್ಕೆ ಇಳಿದಿರುವುದು, ಗೆರೆಯಿಲ್ಲದ ಹಾಳೆಯಲ್ಲಿ ಹುಡುಗರು ಬರೆದ ಸಾಲು ಕೊನೆಗೆ ಬರುವ ಹೊತ್ತಿಗೆ ಕೆಳಕ್ಕೆ ಜಾರಿರುವುದು, ಎಲ್ಲ ಕಾಣುತ್ತದೆ. ಇದೇನೂ ದೊಡ್ಡ ವಿದ್ಯೆಯಲ್ಲ. ಮನೆ ನಡೆಸುವ ಹೆಂಗಸರಿಗೆಲ್ಲ ಇರುವ ಕಣ್ಣು. ಇದೇ ಕಣ್ಣಿಗೆ 2022ರ ಜನವರಿಯ ಒಂದು ಬೆಳಿಗ್ಗೆ, ರಂಗೋಲಿ ಬಿಟ್ಟು ತಲೆ ಎತ್ತಿದಾಗ, ನಮ್ಮ ಕಾರು ಹಿಂದೆ ಎಡಮಗ್ಗುಲಿಗೆ ಕುಸಿದು ನಿಂತದ್ದು ಕಂಡಿತು. ಒಂದು ಕಾಲು ಸೋತ ದನ ನಿಂತ ಹಾಗೆ.

ನಮ್ಮದು 1985ರ ಅಂಬಾಸಿಡರ್. ಮಾವನವರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಕೊಂಡದ್ದು. ಅವರು ಹೋಗಿ ವರ್ಷಗಳಾದವು. ಆ ಕಾರು ಮಾಡುವ ಕಾರ್ಖಾನೆಯೂ 2014ರಲ್ಲಿ ಕೆಲಸ ನಿಲ್ಲಿಸಿತು. ಕಾರು ಮಾತ್ರ ನಮ್ಮ ಮನೆಯಲ್ಲಿ ಉಳಿದಿದೆ. ಇಟ್ಟುಕೊಂಡದ್ದು ಶೋಕಿಗಲ್ಲ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ನಮ್ಮತ್ತೆಗೆ ಹೊಸ ಚಿಕ್ಕ ಕಾರುಗಳೊಳಗೆ ಬಗ್ಗಿ ಕೂರಲು ಆಗುವುದಿಲ್ಲ. ಅಂಬಾಸಿಡರಿನ ಹಿಂದಿನ ಸೀಟು ಮನೆಯ ಸೋಫಾದಷ್ಟು ಎತ್ತರ. ಬಾಗಿಲು ತೆರೆದರೆ ಸುಮ್ಮನೆ ಹಿಂದಕ್ಕೆ ಕೂತು ಕಾಲು ಒಳಗೆ ತೆಗೆದುಕೊಳ್ಳಬಹುದು. ತಿಂಗಳಿಗೊಮ್ಮೆ ತುಮಕೂರಿನ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗುವವಳು ನಾನೇ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು. ನಮ್ಮವರಿಗೆ ಕಣ್ಣಿನ ಪೊರೆ. ರಾತ್ರಿ ಓಡಿಸುವುದಿಲ್ಲ, ಹಗಲು ಓಡಿಸಿದರೆ ಪಕ್ಕದಲ್ಲಿ ಕೂತ ನನಗೆ ಜೀವ ಇರುವುದಿಲ್ಲ.

“ರೀ, ಕಾರು ಎಡಕ್ಕೆ ವಾಲಿದೆ” ಎಂದೆ.

“ಅಂಗಳವೇ ಹಾಗಿದೆ ಕಣೇ” ಎಂದರು, ಪೇಪರಿನಿಂದ ಮುಖ ತೆಗೆಯದೆ.

ಅಂಗಳ ಹಾಗಿರಬಹುದು ಎಂದು ನನಗೂ ಅನ್ನಿಸಿತು. ಎರಡು ದಿನ ಕಾರನ್ನು ತಿರುಗಿಸಿ ನಿಲ್ಲಿಸಿದೆ. ಆಗಲೂ ಎಡಕ್ಕೇ ವಾಲಿತ್ತು. ಗ್ಯಾರೇಜಿಗೆ ಒಯ್ದೆವು. ಗ್ಯಾರೇಜಿನವರು ಕಾರಿನ ಹಿಂದೆ ಹತ್ತು ಹೆಜ್ಜೆ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, ನನ್ನನ್ನು ಬಿಟ್ಟು ನಮ್ಮವರ ಕಡೆ ತಿರುಗಿ ಹೇಳಿದರು: “ಸಾರ್, ಶಾಕ್ ಅಬ್ಸಾರ್ಬರ್ ಹೋಗಿದೆ. ಎರಡೂ ಬದಲಾಯಿಸಿಬಿಡಿ.” ಬದಲಾಯಿಸಿದರು. 4,600 ರೂಪಾಯಿ. ಕಾರು ಮನೆಗೆ ಬಂದಾಗ ಮೊದಲು ಎಷ್ಟು ವಾಲಿತ್ತೋ ಅಷ್ಟೇ ವಾಲಿತ್ತು.

ಈ ಶಾಕ್ ಅಬ್ಸಾರ್ಬರ್ ವಿಚಾರವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನಮ್ಮ ಊರುಗಳಲ್ಲಿ ಕಾರು ಕುಸಿದರೂ ಅದೇ, ಕುಣಿದರೂ ಅದೇ, ಸದ್ದು ಮಾಡಿದರೂ ಅದೇ ಎನ್ನುತ್ತಾರೆ. ಕಾರಿನ ಭಾರ ಹೊರುವುದು ಸ್ಪ್ರಿಂಗು. ನಮ್ಮಂಥ ಹಳೆಯ ಅಂಬಾಸಿಡರಿನಲ್ಲಿ ಹಿಂದುಗಡೆ ಉಕ್ಕಿನ ಬಾಗಿದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ; ಲಾರಿಯವರು ಪಾಟಾ ಎನ್ನುವುದು ಇದಕ್ಕೇ, ಒಂದೊಂದು ಪಟ್ಟಿಗೆ ಬ್ಲೇಡು ಎನ್ನುವುದೂ ಉಂಟು. ಶಾಕ್ ಅಬ್ಸಾರ್ಬರಿನ ಕೆಲಸ ಬೇರೆ. ಗುಂಡಿಗೆ ಬಿದ್ದ ಸ್ಪ್ರಿಂಗು ಮೇಲೆ ಕೆಳಗೆ ಕುಣಿಯುತ್ತಲೇ ಇರಬಾರದಲ್ಲ, ಆ ಕುಣಿತವನ್ನು ತಡೆಯುವುದು. ಕೊಳವೆಯೊಳಗೆ ಎಣ್ಣೆ, ಎಣ್ಣೆ ದಾಟಿಹೋಗಲು ಸಣ್ಣ ತೂತು, ಅಷ್ಟೇ. ಗ್ಯಾರೇಜಿನಿಂದ ವಾಪಸ್ಸು ತಂದ ನಮ್ಮ ಹಳೆಯ ಶಾಕ್ ಅಬ್ಸಾರ್ಬರನ್ನು ನೆಲಕ್ಕೆ ಊರಿ ಎರಡೂ ಕೈಯಿಂದ ಒತ್ತಿ ನೋಡಿದೆ. ಮೆಲ್ಲಗೆ ಇಳಿಯಿತು, ಇಳಿದಲ್ಲೇ ನಿಂತಿತು. ಐವತ್ತಾರು ವರ್ಷದ ನನ್ನ ಕೈಗೆ ಬಗ್ಗುವ ವಸ್ತು ಸಾವಿರ ಕಿಲೋ ಮೀರಿದ ಕಾರನ್ನು ಎತ್ತಿಹಿಡಿದಿತ್ತೆಂದು ನಂಬಿ ನಾವು 4,600 ರೂಪಾಯಿ ಕೊಟ್ಟಿದ್ದೆವು.

ಎರಡನೆಯ ಸಲ ಬೇರೊಂದು ಗ್ಯಾರೇಜಿಗೆ ಹೋದೆವು. ಅಲ್ಲಿಯೂ ಹತ್ತು ಹೆಜ್ಜೆ ದೂರದಿಂದಲೇ ನೋಟ. “ನಿಮ್ಮ ಯಜಮಾನ್ರು ಇಷ್ಟು ವರ್ಷ ಹಿಂದೆ ಎಡಗಡೇಲೇ ಕೂತು ಕೂತು ಪಾಟಾ ಇಳಿದುಬಿಟ್ಟದೆ” ಎಂದು ನಮ್ಮತ್ತೆಯ ಎದುರಿಗೇ ತಮಾಷೆ ಮಾಡಿದರು. ಅತ್ತೆ ನಗಲಿಲ್ಲ. “ಒಂದು ಬ್ಲೇಡು ಹೆಚ್ಚಿಗೆ ಹಾಕಿಕೊಡ್ತೀವಿ, ಸಮ ಆಗುತ್ತೆ” ಎಂದರು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. “ಹೇಗಾದರೂ ಮಾಡಿ, ಸಮ ಮಾಡಿಕೊಡಿ” ಎಂದು ಕೇಳಿದವಳು ನಾನೇ. ಏಕೆ ಇಳಿದಿದೆ ಎಂದು ಕೇಳಲಿಲ್ಲ. ಕೇಳಿದ್ದನ್ನು ಅವರು ಕೊಟ್ಟರು. ಎಡಗಡೆಯ ಪಾಟಾಗೆ ಒಂದು ಬ್ಲೇಡು ಸೇರಿತು, ಕಾರು ನೆಟ್ಟಗೆ ನಿಂತಿತು. 1,800 ರೂಪಾಯಿ. ರಂಗೋಲಿಯ ಪಕ್ಕದಲ್ಲಿ ನಿಂತು ನೋಡಿದರೆ ಕಣ್ಣಿಗೆ ಹಬ್ಬ. ನಮ್ಮವರು, “ನೋಡು, ಹಣ ಖರ್ಚಾದರೂ ಕೆಲಸ ಆಯಿತೋ ಇಲ್ಲವೋ” ಎಂದರು. ಆಯಿತು ಎಂದೆ.

ಆಗಸ್ಟ್ ತಿಂಗಳು. ಅತ್ತೆಯನ್ನು ಕೂರಿಸಿಕೊಂಡು ತುಮಕೂರಿಗೆ ಹೊರಟಿದ್ದೆ. ಕೆ.ಬಿ. ಕ್ರಾಸ್ ದಾಟಿ ಸ್ವಲ್ಪ ದೂರದಲ್ಲಿ ಮಳೆ ಹನಿಯತೊಡಗಿತು. ರಸ್ತೆಗೆ ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಒತ್ತಿದೆ. ಕಾರು ನೇರ ನಿಲ್ಲಲಿಲ್ಲ. ಯಾರೋ ಮೂಗುದಾರ ಹಿಡಿದು ಎಳೆದ ಹಾಗೆ ಬಲಕ್ಕೆ ಎಳೆಯಿತು. ನಮ್ಮ ದೇಶದಲ್ಲಿ ಎಡಕ್ಕೆ ಓಡಿಸುವುದು. ಬಲಕ್ಕೆ ಎಂದರೆ ಎದುರು ಬರುವ ವಾಹನದ ಬಾಯಿಗೆ. ಎದುರಿನಿಂದ ಸರ್ಕಾರಿ ಬಸ್ಸು ಬರುತ್ತಿತ್ತು. ಆ ಪುಣ್ಯಾತ್ಮ ಡ್ರೈವರು ಬಸ್ಸನ್ನು ಮಣ್ಣಿಗೆ ಇಳಿಸಿದ. ಅವನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಬೈಯಲಿಲ್ಲ, ಹಿಂದಿನ ಸೀಟಿನಲ್ಲಿದ್ದ ಮುದುಕಿಯನ್ನು ನೋಡಿ ತಲೆ ಆಡಿಸಿ ಹೋದ. ಅತ್ತೆಯ ಕೈ ನನ್ನ ಸೀಟಿನ ಬೆನ್ನನ್ನು ಹಿಡಿದದ್ದು ತುಮಕೂರು ಬರುವವರೆಗೂ ಬಿಡಲಿಲ್ಲ.

ಮನೆಗೆ ಬಂದು ಹೇಳಿದರೆ ನಮ್ಮವರು ಮೊದಲು ಕೇಳಿದ್ದು, “ಎಷ್ಟು ಸ್ಪೀಡಿನಲ್ಲಿದ್ದೆ?” ಗ್ಯಾರೇಜಿನವರು ಕೇಳಿದ್ದು, “ಗಾಡಿ ಯಾರು ಓಡಿಸ್ತಿದ್ರು?” ನಾನೇ ಎಂದಾಗ ಅವರ ಮುಖದಲ್ಲಿ ಮೂಡಿದ ಸಮಾಧಾನ ನೋಡಬೇಕಿತ್ತು. ರೋಗ ಸಿಕ್ಕಿತು ಎನ್ನುವ ಸಮಾಧಾನ. ಆದರೂ ಬ್ರೇಕು ಬಿಚ್ಚಿದರು, ಲೈನರ್ ಬದಲಾಯಿಸಿದರು, ಎಣ್ಣೆ ತುಂಬಿದರು. 5,200 ರೂಪಾಯಿ. ಇಲ್ಲಿಗೆ ಒಟ್ಟು 11,600. ಒಣ ರಸ್ತೆಯಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಒದ್ದೆ ರಸ್ತೆಯಲ್ಲಿ ಮತ್ತೆ ಬಲಕ್ಕೆ.

ಆವರೆಗೆ ಕಾರು ಮೂರು ಸಲ ಗ್ಯಾರೇಜಿಗೆ ಹೋಗಿ ಬಂದಿತ್ತು. ಮೂರು ಸಲದಲ್ಲಿ ಒಬ್ಬರೂ ಒಂದು ಟೇಪು ತೆಗೆದಿರಲಿಲ್ಲ. ನನ್ನ ತಕರಾರು ಇದೇ. ರವಿಕೆ ಹೊಲಿಯುವವಳು ಅಳತೆ ತೆಗೆಯದೆ ಕತ್ತರಿ ಹಾಕಿದರೆ ಸುಮ್ಮನಿರುತ್ತೇವೆಯೇ? ಡಾಕ್ಟರು ಥರ್ಮಾಮೀಟರ್ ಇಡದೆ ಇಂಜೆಕ್ಷನ್ ಚುಚ್ಚಿದರೆ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತೇವೆ. ಕಾರಿನ ವಿಷಯಕ್ಕೆ ಬಂದರೆ ಮಾತ್ರ ಒಂದು ಕಣ್ಣು ಮುಚ್ಚಿ ನೋಡಿದವರ ಮಾತೇ ವೇದವಾಕ್ಯ.

ಅಳೆಯಬೇಕು ಎಂದು ನಾನೇ ಹೊರಟೆ. ಮೊದಲು ಹಿಡಿದದ್ದು ಹೊಲಿಗೆಯ ಟೇಪು. ನಮ್ಮ ಶಾಲೆಯ ವಿಜ್ಞಾನದ ಮೇಡಂ ನೋಡಿ ನಕ್ಕರು, ಅದು ಎಳೆದ ಹಾಗೆ ಬರುತ್ತದೆ ಎಂದು ಉಕ್ಕಿನ ಟೇಪು ಕೊಟ್ಟರು. ನಾನು ಕನ್ನಡ ಮತ್ತು ಸಮಾಜದ ಟೀಚರು. ಸ್ಪ್ರಿಂಗಿಗೆ ಎಷ್ಟು ಭಾರವೋ ಅಷ್ಟು ಕುಗ್ಗು ಎಂದು ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟದ್ದನ್ನು ಅವರಿಂದಲೇ ಮತ್ತೊಮ್ಮೆ ಪಾಠ ಹೇಳಿಸಿಕೊಂಡೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯುವುದು. ನೆಲದಿಂದ ಅಳೆಯಬಾರದು, ಏಕೆಂದರೆ ಆಗ ಟೈರಿನ ಗಾಳಿಯ ಹೆಚ್ಚುಕಡಿಮೆ, ಟೈರು ಸವೆದದ್ದು ಎಲ್ಲ ಲೆಕ್ಕದೊಳಗೆ ನುಸುಳುತ್ತದೆ. ಅಳೆದೆ. ನಾಲ್ಕೂ ಕಡೆ ಎಡಬಲ ಸಮ. ನನ್ನ ಮುಖ ಸಪ್ಪಗಾಯಿತು. ಸಮ ಇರುವ ಕಾರು ಏಕೆ ಎಳೆಯುತ್ತದೆ?

ಆ ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಹೇಳಿಕೊಂಡೆ. ಅತ್ತೆ ಮಜ್ಜಿಗೆ ಅನ್ನ ಕಲಸುತ್ತಾ, “ಕಣ್ಣಿಗೆ ಸಮ ಕಂಡ್ರೆ ಆಯ್ತೇನೇ? ತೂಕಕ್ಕೆ ಹಾಕಿಸು” ಎಂದರು. ನಲವತ್ತು ವರ್ಷ ಕೊಬ್ಬರಿ ಚೀಲಗಳ ನಡುವೆ ಬಾಳಿದ ಹೆಂಗಸು. ಚೀಲ ನೋಡಿ ತೂಕ ಹೇಳಿದವರನ್ನು ಅವರು ಎಂದೂ ನಂಬಿದವರಲ್ಲ.

ತಿಪಟೂರಿನಲ್ಲಿ ಲಾರಿ ತೂಕದ ಸೇತುವೆಗೇನು ಬರ. ಮಾವನವರ ಪರಿಚಯದವರೊಬ್ಬರ ತೂಕದ ಸೇತುವೆಗೆ ಒಂದು ಭಾನುವಾರ ಕಾರು ಒಯ್ದೆ. ಇಡೀ ಕಾರನ್ನು ಹತ್ತಿಸಲಿಲ್ಲ. ಒಂದೊಂದೇ ಚಕ್ರ ತಟ್ಟೆಯ ಮೂಲೆಯಲ್ಲಿ ನಿಲ್ಲುವಂತೆ, ಉಳಿದ ಮೂರು ಅದೇ ಮಟ್ಟದ ಸಿಮೆಂಟು ನೆಲದ ಮೇಲೆ ಇರುವಂತೆ ನಾಲ್ಕು ಸಲ ಹಿಂದೆ ಮುಂದೆ ಮಾಡಿದೆ. ಡಿಕ್ಕಿ ಖಾಲಿ, ಒಳಗೆ ಯಾರೂ ಇಲ್ಲ. ತೂಕದ ಹುಡುಗ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆದರೂ ಚೀಟಿ ಬರೆದುಕೊಟ್ಟ. ಆ ಸೇತುವೆ ಹತ್ತು ಕಿಲೋ ಲೆಕ್ಕದಲ್ಲಿ ತೋರಿಸುವಂಥದ್ದು, ನಮಗೆ ಅಷ್ಟೇ ಸಾಕು. ಮುಂದಿನ ಎಡ 250 ಕಿಲೋ. ಮುಂದಿನ ಬಲ 370. ಹಿಂದಿನ ಎಡ 310. ಹಿಂದಿನ ಬಲ 190.

ಚೀಟಿಯನ್ನು ನಮ್ಮವರಿಗೆ ಕೊಟ್ಟೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂಡಿದ ಕೈ. “ಎಡಗಡೆ 250, 310, ಒಟ್ಟು 560. ಬಲಗಡೆ 370, 190, ಅದೂ 560. ಸರಿಯಾಗಿಯೇ ಇದೆಯಲ್ಲ!” ಎಂದರು.

ಲೆಕ್ಕ ಸರಿ. ಆದರೆ ಕೂಡಿದ್ದು ತಪ್ಪು ಕಡೆಯಿಂದ. ಅಡುಗೆಮನೆಯಲ್ಲಿ ಒಂದು ಕಾಲು ಮೋಟಾದ ಸ್ಟೂಲು ಇಲ್ಲದ ಮನೆ ಯಾವುದಿದೆ? ಅದರ ಮೇಲೆ ಹತ್ತಿ ಅಟ್ಟದ ಡಬ್ಬ ತೆಗೆಯುವಾಗ ಏನಾಗುತ್ತದೆ? ಮೋಟು ಕಾಲೂ ಅದರ ಎದುರು ಮೂಲೆಯ ಕಾಲೂ ಹಗುರ. ಉಳಿದೆರಡು ಮೂಲೆಗಳ ಮೇಲೆ ಭಾರವೆಲ್ಲ. ಈಗ ಚೀಟಿಯನ್ನು ಮೂಲೆಯಿಂದ ಮೂಲೆಗೆ ಓದಿ. ಮುಂದಿನ ಎಡ, ಹಿಂದಿನ ಬಲ ಸೇರಿ 440. ಮುಂದಿನ ಬಲ, ಹಿಂದಿನ ಎಡ ಸೇರಿ 680. ನಮ್ಮ ಕಾರು ಮೋಟು ಕಾಲಿನ ಸ್ಟೂಲು. ಮುಂದಿನ ಎಡ ಚಕ್ರದ ಮೇಲೆ ಭಾರವೇ ಇಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಅದು ಮೊದಲು ಕಚ್ಚಿಕೊಂಡು ಜಾರುತ್ತದೆ. ಭಾರ ಹೊತ್ತ ಬಲ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಕಾರು ಹಿಡಿದ ಕಡೆಗೆ ತಿರುಗುತ್ತದೆ. ನನ್ನ ಕೈಯ ತಪ್ಪೂ ಅಲ್ಲ, ಬ್ರೇಕಿನ ತಪ್ಪೂ ಅಲ್ಲ. ಕಾರು ಸಮ ಕಾಣಲೆಂದು ಹಾಕಿಸಿದ್ದೆವಲ್ಲ ಆ ಬ್ಲೇಡು, ಅದು ಮೋಟಾದ ಕಾಲನ್ನು ಬಿಟ್ಟು ಬೇರೆ ಕಾಲಿನ ಕೆಳಗೆ ಕಾಗದ ಮಡಿಸಿ ಇಟ್ಟಂತೆ ಆಗಿತ್ತು. ವಾಲಿದ್ದು ಹೋಯಿತು, ಓರೆ ಎರಡರಷ್ಟಾಯಿತು.

ಟ್ಯಾಕ್ಸಿ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡೊಂದರಲ್ಲಿ ಅಂಬಾಸಿಡರುಗಳ ಮೇಲೇ ಕೈ ಸವೆಸಿದ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಬಳಿಗೆ ಚೀಟಿ ಹಿಡಿದು ಹೋದೆ. ಚೀಟಿಯನ್ನು ಎರಡು ಸಲ ಓದಿದರು. “ಇದನ್ನ ಯಾರು ತೂಗಿಸಿದ್ದು ಮಿಸ್ಸು?” ಎಂದರು. ನಾನೇ ಎಂದೆ. ಯಾರು ಓಡಿಸುತ್ತಿದ್ದರು ಎಂದು ಅವರು ಕೇಳಲಿಲ್ಲ. “ಮೊದಲು ಆ ಬ್ಲೇಡು ತೆಗೀಬೇಕು. ಅಮೇಲೆ ನೋಡೋಣ ಹಿಂದೆಯೋ ಮುಂದೆಯೋ ಅಂತ.”

ಮುಂದೆಯೋ? ಅದು ನನ್ನ ತಲೆಗೂ ಬಂದಿರಲಿಲ್ಲ. ವಾಲಿದ್ದು ಹಿಂದೆ ಅಲ್ಲವೇ?

ಬ್ಲೇಡು ತೆಗೆದ ಮೇಲೆ ಕಾರು ಮತ್ತೆ ಎಡಕ್ಕೆ ಕುಸಿಯಿತು. ಶಾಲೆಯ ಮೈದಾನದಲ್ಲಿ ನಿಲ್ಲಿಸಿ ಅಳೆದೆ: ಹಿಂದೆ ಎಡ 4 ಸೆಂಟಿಮೀಟರ್ ತಗ್ಗು. ಕಾರನ್ನು ತಿರುಗಿಸಿ ಅಲ್ಲೇ ನಿಲ್ಲಿಸಿ ಅಳೆದರೆ ಒಂದೂವರೆ. ಒಂದು ಚಕ್ರದ ಕೆಳಗೆ ಮೈದಾನ ಗುಳಿಬಿದ್ದಿತ್ತು; ಅಂಥ ನೆಲದ ಮೇಲೆ ಒಳ್ಳೆಯ ಕಾರೂ ಓರೆಯೇ. ಕೊನೆಗೆ ಕೊಬ್ಬರಿ ಒಣಗಿಸುವ ಸಿಮೆಂಟು ಕಣದಲ್ಲಿ, ಗಾರೆಯವರ ನೀರು ತುಂಬಿದ ಪೈಪು ಹಿಡಿದು ನಾಲ್ಕು ಚಕ್ರ ನಿಲ್ಲುವ ಜಾಗದ ಮಟ್ಟ ನೋಡಿದೆವು. ನಾಲ್ಕೂ ಟೈರಿಗೆ ಗಾಳಿ ಸಮ ಮಾಡಿಸಿದೆ. ಜಾಕಿನಿಂದ ಇಳಿಸಿದ ಕೂಡಲೇ ಅಳೆಯಬಾರದು, ಪಟ್ಟಿಗಳ ನಡುವೆ ತುಕ್ಕು ಹಿಡಿದಿದ್ದರೆ ಪಾಟಾ ಅರ್ಧಕ್ಕೇ ಸಿಕ್ಕಿಕೊಂಡು ನಿಲ್ಲುತ್ತದೆ ಎಂದು ಮೇಸ್ತ್ರಿ ಹೇಳಿದರು. ಹಾಗಾಗಿ ಒಂದು ಸುತ್ತು ಓಡಿಸಿ ತಂದು, ಮೂಲೆಮೂಲೆಯಲ್ಲಿ ಒತ್ತಿ ಕುಣಿಸಿ ಬಿಟ್ಟೆವು. ಹಿಂದೆ ಎಡಬಲದ ವ್ಯತ್ಯಾಸ 2.8 ಸೆಂಟಿಮೀಟರ್. ಮುಂದೆಯೂ ಹೆಚ್ಚುಕಡಿಮೆ ಅಷ್ಟೇ! ಎಂಟು ತಿಂಗಳು ಎಲ್ಲರೂ ಕಾರಿನ ಹಿಂದೆ ನಿಂತು ನೋಡಿದ್ದೇ ನೋಡಿದ್ದು. ಒಬ್ಬರಾದರೂ ಮುಂದೆ ಬಂದು ನಿಂತಿರಲಿಲ್ಲ, ನಾನೂ ಸೇರಿ.

ಕಾರಿನ ಮೈ ಗಟ್ಟಿ ಪೆಟ್ಟಿಗೆ. ನಾಲ್ಕು ಮೂಲೆಯಲ್ಲಿ ಒಂದು ಕುಸಿದರೂ ಪೆಟ್ಟಿಗೆ ಪೂರಾ ಆ ಮಗ್ಗುಲಿಗೆ ಹೊರಳುತ್ತದೆ. ಹಾಗಾಗಿ ವಾಲಿದ್ದನ್ನು ನೋಡಿ ಯಾವ ಮೂಲೆಯ ತಪ್ಪೆಂದು ಬ್ರಹ್ಮನೂ ಹೇಳಲಾರ. ಮೇಸ್ತ್ರಿ ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಅಡ್ಡ ತೊಲೆಯ ನಟ್ಟನಡುವೆ ಟ್ರಾಲಿ ಜಾಕು ಕೊಟ್ಟು, ಮುಂದಿನ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಿದರು. ಈಗ ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಿದೆ, ತಕ್ಕಡಿಯ ಹಾಗೆ ಎತ್ತ ಬೇಕಾದರೂ ತೂಗಬಹುದು. ಎಡಬಲ ತೀರ್ಮಾನಿಸುವುದು ಹಿಂದಿನ ಎರಡು ಪಾಟಾ ಮಾತ್ರ. ತಪ್ಪು ಅಲ್ಲಿದ್ದರೆ ಕಾರು ವಾಲಿಯೇ ಇರಬೇಕು. ಅಳೆದೆ. ವ್ಯತ್ಯಾಸ 3 ಮಿಲಿಮೀಟರ್. ಅಂದರೆ ಇಲ್ಲವೆಂದೇ ಲೆಕ್ಕ. ಆಮೇಲೆ ಮುಂದಿನದನ್ನು ಇಳಿಸಿ, ಹಿಂದಿನ ಅಚ್ಚಿನ ನಡುವಿನ ಗುಂಡಿಗೆಗೆ, ಅದೇ ಡಿಫರೆನ್ಷಿಯಲ್ ಎನ್ನುತ್ತಾರಲ್ಲ, ಅದರ ಕೆಳಗೆ ಜಾಕು ಕೊಟ್ಟರು. ಈಗ ತೀರ್ಪು ಮುಂದಿನವರದು. ಮುಂದಿನ ಎಡಮೂಲೆ ಮೊದಲಿಗಿಂತಲೂ ಕುಸಿಯಿತು. (ಜಾಕಿನ ಮೇಲಿರುವ ಕಾರಿನ ಕೆಳಗೆ ಯಾರೂ ನುಗ್ಗಬಾರದು, ಒಳಗೂ ಕೂರಬಾರದು. ಈ ಅಳತೆಯೆಲ್ಲ ಹೊರಗೆ ನಿಂತೇ ಆಗುತ್ತದೆ. ಇದನ್ನು ಓದಿ ಯಾರಾದರೂ ತಂಗಿ ಸೆರಗು ಸಿಕ್ಕಿಸಿ ಕಾರಿನ ಕೆಳಗೆ ಹೋದಾಳೆಂದು ಹೇಳುತ್ತಿದ್ದೇನೆ.)

ಎಂಟು ತಿಂಗಳು ಹಿಂದಿನ ಎಡ ಪಾಟಾ ಮಾಡದ ತಪ್ಪಿಗೆ ಬೈಸಿಕೊಂಡಿತ್ತು. ನಮ್ಮ ಕಾರಿನ ಮುಂಭಾಗದಲ್ಲಿ ಸುರುಳಿಯೂ ಇಲ್ಲ, ಪಟ್ಟಿಯೂ ಇಲ್ಲ. ಕಾರಿನ ಉದ್ದಕ್ಕೆ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಸರಳಿದೆ; ಬಟ್ಟೆ ಹಿಂಡುವ ಹಾಗೆ ಅದು ತಿರುಚಿಕೊಂಡು ಭಾರ ಹೊರುತ್ತದೆ. ಟಾರ್ಷನ್ ಬಾರ್ ಎಂದು ಹೆಸರು. ಎಡಗಡೆಯದು ವರ್ಷಗಳ ಮೇಲೆ ಬಿಗಿ ಕಳೆದುಕೊಂಡಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ, ಬಿರುಕಿಲ್ಲವೆಂದು ನೋಡಿ, ಹಲ್ಲು ಬದಲಾಯಿಸಿ ಕೂರಿಸಿದರು. ಎಡದ ಸರಳನ್ನು ಬಲಕ್ಕೆ ಹಾಕುವ ಹಾಗಿಲ್ಲವಂತೆ, ಒಂದು ದಿಕ್ಕಿಗೆ ತಿರುಚಿ ರೂಢಿಯಾದದ್ದು ಇನ್ನೊಂದು ದಿಕ್ಕಿಗೆ ದುಡಿದರೆ ಮುರಿಯುತ್ತದಂತೆ. ಕೂಲಿ 1,500 ರೂಪಾಯಿ. ಮತ್ತೆ ತೂಕದ ಸೇತುವೆಗೆ ಹೋದೆ: 300, 320, 260, 240. ಆ ಚೀಟಿಯನ್ನು ಎಲ್.ಐ.ಸಿ. ಕಾಗದಗಳ ಜೊತೆ ಇಟ್ಟಿದ್ದೇನೆ.

ನಮ್ಮದು ಮುಂದಿನ ತಪ್ಪಾಯಿತೆಂದು ನಿಮ್ಮ ಕಾರಿನದೂ ಹಾಗೇ ಎಂದು ತಿಳಿಯಬೇಡಿ. ಹಾಗೆ ಹೇಳಿದರೆ ನಾನೂ ಒಂದು ಕಣ್ಣು ಮುಚ್ಚಿ ನೋಡುವವರ ಸಾಲಿಗೆ ಸೇರುತ್ತೇನೆ. ಮುಂದೆ ಎತ್ತಿದರೂ ಹಿಂದೆ ವಾಲಿಯೇ ಇದ್ದರೆ ಆಗ ಪಾಟಾವನ್ನೇ ಹುಡುಕಬೇಕು. ಒಂದು ಬ್ಲೇಡು ಮುರಿದಿರಬಹುದು. ಮುರಿದ ಜಾಗ ನಡುವಿನ ಪಟ್ಟಿಯಡಿ ಅವಿತಿರುತ್ತದೆ, ಮಣ್ಣು ಉಜ್ಜಿ ತೊಳೆದರೇ ಕಾಣುವುದು. ಎಲ್ಲಕ್ಕಿಂತ ಉದ್ದನೆಯ ಮೂಲ ಬ್ಲೇಡು, ತುದಿಯಲ್ಲಿ ಕಿವಿ ಇರುವುದು, ಅದಕ್ಕೆ ಬಿರುಕು ಬಿದ್ದಿದ್ದರೆ ಕಾರನ್ನು ಒಂದು ಗಜ ದೂರವೂ ಓಡಿಸಬಾರದು, ಏಕೆಂದರೆ ಹಿಂದಿನ ಅಚ್ಚನ್ನು ಜಾಗದಲ್ಲಿ ಹಿಡಿದಿರುವುದು ಅದೇ. ಪಟ್ಟಿಗಳನ್ನು ಒಟ್ಟು ಮಾಡಿರುವ ನಡುಬೋಲ್ಟು ಮುರಿದರೆ ಅಚ್ಚು ಹಿಂದಕ್ಕೋ ಮುಂದಕ್ಕೋ ಜರುಗುತ್ತದೆ. ಎರಡೂ ಕಡೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಟೇಪು ಹಿಡಿದರೆ ತಿಳಿಯುತ್ತದೆ. ತುದಿಗಳಲ್ಲಿ ರಬ್ಬರಿನ ಬುಷ್ ಇರುತ್ತದೆ. ಅದನ್ನು ಹೊಸದು ಹಾಕಿದವರು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟು ಬಿಗಿದುಬಿಟ್ಟರೆ ರಬ್ಬರು ತಿರುಚಿಕೊಂಡು ಆ ಮಗ್ಗುಲನ್ನು ಎತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಕ್ಕೆ ಬಿದ್ದ ಮೇಲೆ ಬಿಗಿಯಬೇಕು. ಸುರುಳಿ ಸ್ಪ್ರಿಂಗಿನ ಕಾರಾದರೆ ಸುರುಳಿಯ ಕೊನೆಯ ಸುತ್ತು, ಬಟ್ಟಲಿನೊಳಗೆ ಕೂರುವುದು, ತುಂಡಾಗಿರುವುದುಂಟು. ಬಗ್ಗಿ ಬ್ಯಾಟರಿ ಬಿಟ್ಟು ನೋಡದೆ ಕಾಣುವುದಿಲ್ಲ.

ಇದನ್ನೆಲ್ಲ ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಕೇಳಿದರು: “ನಿಮ್ಮ ಪಾಠವನ್ನು ಪೋಷಕರು ಟೇಪು ಹಿಡಿದು ಅಳೆದರೆ ನಿಮಗೆ ಹೇಗಾಗುತ್ತೆ? ಅವರ ಅನುಭವಕ್ಕೆ ಬೆಲೆ ಬೇಡವೇ?” ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇದು. ಮಗುವಿಗೆ ಇಪ್ಪತ್ತೈದಕ್ಕೆ ಒಂಬತ್ತು ಅಂಕ ಕೊಟ್ಟರೆ ತಾಯಿ ಶಾಲೆಗೆ ಬರುತ್ತಾಳೆ. “ನನಗೆ ಇಪ್ಪತ್ತೆಂಟು ವರ್ಷದ ಅನುಭವ, ಮುಖ ನೋಡಿಯೇ ಅಂಕ ಹಾಕಿದೆ” ಎಂದು ನಾನು ಹೇಳಿದರೆ ಅವಳು ಒಪ್ಪುತ್ತಾಳೆಯೇ? ಒಪ್ಪಬಾರದು. ಉತ್ತರಪತ್ರಿಕೆ ತೆಗೆದು, ಇಲ್ಲಿ ಒತ್ತಕ್ಷರ ತಪ್ಪು, ಇಲ್ಲಿ ಅರ್ಧ ಪ್ರಶ್ನೆ ಬಿಟ್ಟಿದ್ದಾನೆ ಎಂದು ತೋರಿಸುತ್ತೇನೆ. ಕೆಲವು ಸಲ ನಾನೇ ಕೂಡಿದ್ದು ತಪ್ಪಾಗಿರುತ್ತದೆ, ತಿದ್ದಿ ಕೊಟ್ಟಿದ್ದೇನೆ. ಅನುಭವ ಇರುವವರು ಅಳೆಯಲು ಅಂಜುವುದಿಲ್ಲ. ಆ ಹಿರಿಯ ಮೇಸ್ತ್ರಿಗೆ ನಮ್ಮೂರಿನ ಎಲ್ಲರಿಗಿಂತ ಹೆಚ್ಚು ಅನುಭವ. ಎಲ್ಲರಿಗಿಂತ ಮೊದಲು ಟೇಪು ಕೇಳಿದವರೂ ಅವರೇ.

ಗ್ಯಾರೇಜಿನವರನ್ನೇ ಬೈದು ಮುಗಿಸುವುದೂ ನ್ಯಾಯವಲ್ಲ. ಅಳೆಯುವುದಕ್ಕೆ ಅರ್ಧ ದಿನ ಹಿಡಿಯುತ್ತದೆ, ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಹೊಸ ಸಾಮಾನು ಹಾಕಿದರೆ ಮಾತ್ರ ನಾವು ಪರ್ಸು ಬಿಚ್ಚುವುದು. “ನೋಡಿದ್ದಕ್ಕೆಲ್ಲಾ ದುಡ್ಡೇ?” ಎಂದು ಕೇಳುವವರು ನಾವೇ. ನಾನು ಆ ಮೇಸ್ತ್ರಿಗೆ ಸರಳು ಕೂರಿಸಿದ ಕೂಲಿಯ ಜೊತೆ ಪರೀಕ್ಷೆಗೆಂದು ಬೇರೆಯಾಗಿ ಕೊಡಹೋದರೆ ಅವರು ನಾಚಿಕೊಂಡರು. ಅಷ್ಟರಮಟ್ಟಿಗೆ ಅಭ್ಯಾಸ ತಪ್ಪಿಸಿಟ್ಟಿದ್ದೇವೆ.

ನನಗೆ ಹೆಚ್ಚು ಸಿಟ್ಟು ಇರುವುದು ನಮ್ಮ ಮೇಲೆ. ಚಿನ್ನದಂಗಡಿಯಲ್ಲಿ ತಕ್ಕಡಿಯ ಮೇಲೆ ಫ್ಯಾನಿನ ಗಾಳಿ ಬೀಸುತ್ತಿದೆಯೇ ಎಂದು ನೋಡುವ ನಾವು, ತರಕಾರಿಯವನ ಬಟ್ಟಿನ ಅಡಿಯನ್ನು ತಿರುಗಿಸಿ ನೋಡುವ ನಾವು, ಗ್ಯಾರೇಜಿನ ಬಾಗಿಲಲ್ಲಿ ಮಾತ್ರ “ನಮಗೇನು ಗೊತ್ತಾಗುತ್ತೆ, ಅವರು ಬರ್ತಾರೆ” ಎಂದು ಕುರ್ಚಿ ಎಳೆದುಕೊಂಡು ಕೂರುತ್ತೇವೆ. ಆ ಮಾತಿನಲ್ಲಿ ಒಂದು ಸುಖವಿದೆ, ನಾನೂ ಉಂಡಿದ್ದೇನೆ. ಗೊತ್ತಿಲ್ಲ ಎಂದವಳಿಗೆ ಜವಾಬ್ದಾರಿಯಿಲ್ಲ. ಆದರೆ ಓಡಿಸುವವಳು ನಾನು. ಹಿಂದೆ ಕೂತವರು ನಮ್ಮತ್ತೆ. ಕೆ.ಬಿ. ಕ್ರಾಸಿನ ಆಚೆ ಬಸ್ಸು ಮಣ್ಣಿಗೆ ಇಳಿಯದಿದ್ದರೆ “ಅವರು” ಬರುವುದು ಆಸ್ಪತ್ರೆಗಾಗಿರುತ್ತಿತ್ತು. ಕಾರು ಹಳೆಯದು, ವಾಲುವುದು ಇದ್ದದ್ದೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುವ ಮಾತನ್ನು ನಾವು ಎಷ್ಟು ಕಡೆ ಕೇಳಿ ಎಷ್ಟು ಸಲ ತಲೆಯಾಡಿಸಿದ್ದೇವೆಂದರೆ, ಕಾರಿನ ವಿಷಯದಲ್ಲೂ ತಲೆ ತಾನಾಗಿ ಆಡಿಬಿಡುತ್ತದೆ.

ಈಗ ನಾನು ಗ್ಯಾರೇಜಿಗೆ ಹೋದರೆ ಎರಡೇ ಪ್ರಶ್ನೆ. ಎಲ್ಲಿಂದ ಎಲ್ಲಿಗೆ ಅಳೆದಿರಿ? ಬಿಚ್ಚಿದ ಹಳೆಯ ಸಾಮಾನು ಎಲ್ಲಿ? ಕೆಲವರಿಗೆ ರೇಗುತ್ತದೆ. ಒಬ್ಬರು “ಟೀಚರ್ ಅಲ್ವಾ, ಎಲ್ಲಾ ಕಡೆ ಪರೀಕ್ಷೆನೇ” ಎಂದರು. ಹೌದು ಎಂದೆ.

ಬಿಚ್ಚಿಸಿದ ಆ 1,800 ರೂಪಾಯಿ ಬ್ಲೇಡು ಬಹಳ ದಿನ ಹಿತ್ತಲಿನ ಗೋಡೆಗೆ ಒರಗಿ ನಿಂತಿತ್ತು. ನಮ್ಮವರು ಗುಜರಿಗೆ ಹಾಕೋಣವೆಂದರು. ಪಾಟಾ ಉಕ್ಕು ಒಳ್ಳೆಯ ಉಕ್ಕು, ಕುಲುಮೆಯವರು ಕೇಳಿ ಕೇಳಿ ಕೊಳ್ಳುತ್ತಾರೆ. ಅತ್ತೆ ಬಿಡಲಿಲ್ಲ, ಕುಲುಮೆಗೆ ಕೊಟ್ಟು ಒಂದು ಮಚ್ಚು, ಒಂದು ಈಳಿಗೆ ಮಣೆಯ ಅಲಗು ಮಾಡಿಸಿದರು. ಮಚ್ಚು ತೋಟಕ್ಕೆ ಹೋಯಿತು. ಈಳಿಗೆ ಅಡುಗೆಮನೆಯಲ್ಲಿದೆ, ಕುಂಬಳಕಾಯಿ ಒಂದೇ ಎಳೆತಕ್ಕೆ ಹೋಳಾಗುತ್ತದೆ.